ಓದುಗರ ಪ್ರಶ್ನೆ: ಮನೆಯಲ್ಲಿ ಕ್ರಾಫ್ಟ್ ಬಿಯರು, ಗ್ಲಾಸಿನಿಂದ ಗ್ರೌಲರ್‌ವರೆಗೆ

ಪಬ್ಬಿನಲ್ಲಿ ಬಿಯರಿನ ನೊರೆ ಕೊನೆಯ ಗುಟುಕಿನವರೆಗೂ ನಿಲ್ಲುತ್ತದೆ. ಅದೇ ಬಿಯರಿನ ಕ್ಯಾನು ತಂದು ಮನೆಯಲ್ಲಿ ಸುರಿದರೆ ಎರಡೇ ನಿಮಿಷಕ್ಕೆ ಇಳಿದುಹೋಗುತ್ತದೆ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತಿರುತ್ತವೆ. ನಮಗೆ ಹಳೇ ಮಾಲು ಕೊಡುತ್ತಿದ್ದಾರೆಯೇ?
— ಜಯನಗರ, ಬೆಂಗಳೂರು

ಬಿಯರಿನ ಮೇಲೆ ಅನುಮಾನ ಬೇಡ, ಗ್ಲಾಸನ್ನು ನೋಡಿ. ಒಳಗೋಡೆಗೆ ಅಂಟಿದ ಗುಳ್ಳೆಗಳು ಎಂದು ನೀವೇ ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಗ್ಲಾಸು ನಿಜವಾಗಿ ಶುದ್ಧವಾಗಿದ್ದರೆ ಗುಳ್ಳೆಗಳು ನೇರ ಮೇಲೇರುತ್ತವೆ, ಗೋಡೆಗೆ ಕೂರುವುದಿಲ್ಲ. ಎಣ್ಣೆಯ ತೆಳುಪೊರೆಯೋ ಸೋಪಿನ ಉಳಿಕೆಯೋ ಇದ್ದ ಜಾಗದಲ್ಲೇ ಅವು ಹಿಡಿದುಕೊಳ್ಳುವುದು.

ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಪ್ರೋಟೀನೂ ಹಾಪ್ಸಿನ (ಬಿಯರಿಗೆ ಹಾಕುವ ಕಹಿ ಹೂವು) ಕಹಿ ಅಂಶವೂ ಕೂಡಿ ಪ್ರತಿ ಗುಳ್ಳೆಯ ಸುತ್ತ ಒಂದು ಗಟ್ಟಿ ಪೊರೆ ಕಟ್ಟುತ್ತವೆ, ನೊರೆ ನಿಲ್ಲುವುದು ಅದರಿಂದ. ಎಣ್ಣೆ ಆ ಪೊರೆಯನ್ನು ಒಡೆಯುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಒಗ್ಗರಣೆ ಸೌಟು ಉಜ್ಜಿದ ಸ್ಕ್ರಬ್ಬರಿನಲ್ಲೇ ಗ್ಲಾಸನ್ನೂ ಉಜ್ಜುವುದು ರೂಢಿ. ಹಾಲು ಕುಡಿದ ಲೋಟ, ಬಿಯರಿನ ಗ್ಲಾಸು ಎಂಬ ಭೇದವೂ ಇರುವುದಿಲ್ಲ. ಕಣ್ಣಿಗೆ ಫಳಫಳ ಹೊಳೆಯುವ ಗ್ಲಾಸಿನಲ್ಲೂ ನೊರೆ ಸಾಯುವುದು ಹೀಗೆ.

ಬಿಯರಿನ ಗ್ಲಾಸಿಗೆಂದೇ ಒಂದು ಹೊಸ ಸ್ಪಂಜು ತೆಗೆದಿಡಿ, ಅದು ಬೇರಾವ ಪಾತ್ರೆಗೂ ಹೋಗಬಾರದು. ಒಂದು ಲೀಟರು ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಒಳಗೂ ಅಂಚಿಗೂ ಉಜ್ಜಿ, ಹರಿಯುವ ನೀರಿನಲ್ಲಿ ಎರಡು ಸಲ ತೊಳೆಯಿರಿ. ಪಾತ್ರೆ ಸೋಪು ಬಳಸಲೇಬೇಕಾದರೆ ಒಂದೇ ಹನಿ ಸಾಕು, ಕೊನೆಗೆ ಅಡುಗೆ ಸೋಡಾ ನೀರಿನ ಕೈ ಇರಲಿ. ಬಟ್ಟೆಯಿಂದ ಒರೆಸಬೇಡಿ. ಬಟ್ಟೆಯ ಎಳೆ, ಜಿಡ್ಡು, ವಾಸನೆ ಮೂರೂ ಅಂಟುತ್ತವೆ. ಕೆಳಗಿಂದ ಗಾಳಿಯಾಡುವ ತಂತಿ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ. ಶೆಲ್ಫಿನ ಹಲಗೆಯ ಮೇಲೆ ಬೋರಲಿಟ್ಟರೆ ಒಳಗಿನ ಗಾಳಿ ಮುಗ್ಗಲು ಹಿಡಿಯುತ್ತದೆ.

ಪರೀಕ್ಷೆ ಸುಲಭ. ಗ್ಲಾಸಿನಲ್ಲಿ ನೀರು ತುಂಬಿ ಚೆಲ್ಲಿ. ಒಳಮೈ ಪೂರ್ತಿ ಒಂದೇ ಹಾಳೆಯಂತೆ ಒದ್ದೆಯಾಗಿದ್ದರೆ ಸರಿ, ನೀರು ಹನಿಹನಿಯಾಗಿ ಒಡೆದು ನಿಂತರೆ ಅಲ್ಲಿ ಜಿಡ್ಡಿದೆ. ಒದ್ದೆ ಗ್ಲಾಸಿನೊಳಗೆ ಪುಡಿಯುಪ್ಪು ಉದುರಿಸಿಯೂ ನೋಡಬಹುದು: ಜಿಡ್ಡಿದ್ದ ಕಡೆ ಉಪ್ಪು ಹಿಡಿಯುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಬರುವ ಮನೆಗಳಲ್ಲಿ ಬಿಳಿ ಕಲೆಯ ತೊಂದರೆ ಬೇರೆ. ಮೂರು ಪಾಲು ನೀರಿಗೆ ಒಂದು ಪಾಲು ವಿನೆಗರ್ ಬೆರೆಸಿ ಹತ್ತು ನಿಮಿಷ ನೆನೆಸಿದರೆ ಅದು ಬಿಡುತ್ತದೆ.

ಸುರಿಯುವ ಮೊದಲು ಗ್ಲಾಸನ್ನು ತಣ್ಣೀರಲ್ಲಿ ಒಮ್ಮೆ ಅಲುಬಿ. 45 ಡಿಗ್ರಿ ವಾಲಿಸಿ ಮೂರನೇ ಎರಡು ಭಾಗ ತುಂಬುವವರೆಗೆ ಗೋಡೆಯ ಮೇಲೆ ಸುರಿದು, ಆಮೇಲೆ ನೆಟ್ಟಗೆ ಹಿಡಿದು ನಡುಮಧ್ಯಕ್ಕೆ ಸುರಿಯಿರಿ. ಎರಡು ಬೆರಳಷ್ಟು ನೊರೆ ಇರಲೇಬೇಕು. ನೊರೆ ಬರದಂತೆ ಹುಷಾರಾಗಿ ಸುರಿಯುವುದನ್ನು ಜಾಣತನ ಎಂದುಕೊಂಡವರು ಬಹಳ, ಆದರೆ ಹಾಗೆ ಸುರಿದ ಬಿಯರಿನಲ್ಲಿ ಘಮ ಮೇಲೇಳುವುದೇ ಇಲ್ಲ. ಪ್ರತಿ ಗುಟುಕಿನ ನಂತರ ಗ್ಲಾಸಿನ ಒಳಗೆ ನೊರೆಯ ಬಳೆಯಂಥ ಗೆರೆ ಉಳಿದರೆ ನಿಮ್ಮ ತೊಳೆತ ಸರಿಯಾಗಿದೆ.

ಆರು ಬಗೆಯ ಬಿಯರ್ ಗ್ಲಾಸುಗಳ ಸೆಟ್ ಕೊಳ್ಳಬೇಕೆಂದಿದ್ದೇನೆ. ಆರೂ ಬೇಕೇ? ಮನೆಯಲ್ಲಿ ಹೆಚ್ಚಾಗಿ ಗೋಧಿ ಬಿಯರು, ಹಾಪ್ಸಿನ ಕಹಿ ಜಾಸ್ತಿ ಇರುವ ಐಪಿಎ, ಒಮ್ಮೊಮ್ಮೆ ಕಪ್ಪು ಬಣ್ಣದ ಸ್ಟೌಟ್.
— ಕುವೆಂಪುನಗರ, ಮೈಸೂರು

ಬೇಡ. ಎರಡು ಸಾಕು, ಒಂದೊಂದರಲ್ಲೂ ಎರಡೋ ನಾಲ್ಕೋ ಕೊಳ್ಳಿ.

ಮೊದಲನೆಯದು ಟ್ಯುಲಿಪ್. ಹೊಟ್ಟೆ ಅಗಲ, ಕುತ್ತಿಗೆ ಕಿರಿದು, ತುಟಿ ಸ್ವಲ್ಪ ಹೊರಚಾಚು. ಹೊಟ್ಟೆಯಲ್ಲಿ ಬಿಡುಗಡೆಯಾದ ಘಮ ಕುತ್ತಿಗೆಯಲ್ಲಿ ನಿಲ್ಲುತ್ತದೆ, ಹೊರಚಾಚಿದ ಅಂಚು ನೊರೆಯನ್ನು ಹೊರುತ್ತದೆ. ಐಪಿಎ, ಬೆಲ್ಜಿಯನ್ ಬಿಯರುಗಳು, ಗಟ್ಟಿ ಸ್ಟೌಟ್ ಎಲ್ಲಕ್ಕೂ ಇದು ಒಪ್ಪುತ್ತದೆ. 400 ಮಿಲಿ ಹಿಡಿಯುವ ಗಾತ್ರ ನೋಡಿ. 330 ಮಿಲಿ ಬಾಟಲಿ ಒಮ್ಮೆಗೇ ಸುರಿದರೂ ನೊರೆಗೆ ಜಾಗ ಉಳಿಯಬೇಕು. ಸರಿಯಾಗಿ 330 ಹಿಡಿಯುವ ಗ್ಲಾಸು ತಂದು ಪ್ರತಿ ಸಲ ಮೇಜು ಒರೆಸುವವರು ಇದ್ದಾರೆ.

ಎರಡನೆಯದು ಗೋಧಿ ಬಿಯರಿನ ಉದ್ದ ಗ್ಲಾಸು, ಜರ್ಮನ್ನರ ವೈಜ಼ನ್ ಗ್ಲಾಸು. ಅರ್ಧ ಲೀಟರು ಬಿಯರು ಮತ್ತು ಅದರ ಮೇಲೆ ದಟ್ಟ ನೊರೆ ಎರಡೂ ಹಿಡಿಯುವಷ್ಟು ಎತ್ತರ. ಇದರಲ್ಲಿ ಸುರಿಯುವಾಗ ಕೊನೆಯ 50 ಮಿಲಿ ಬಾಟಲಿಯಲ್ಲೇ ಬಿಟ್ಟು, ಬಾಟಲಿಯನ್ನು ವೃತ್ತಾಕಾರ ತಿರುಗಿಸಿ, ತಳದಲ್ಲಿ ಕೂತ ಯೀಸ್ಟು ಎದ್ದ ಮೇಲೆ ಸುರಿಯಿರಿ. ಜರ್ಮನ್ ಗೋಧಿ ಬಿಯರಿನ ಬಾಳೆಹಣ್ಣಿನ ಘಮವೂ ಲವಂಗದ ಘಮವೂ ಯೀಸ್ಟಿನ ಕೆಲಸ, ಹಣ್ಣನ್ನೋ ಮಸಾಲೆಯನ್ನೋ ಹಾಕಿದ್ದಲ್ಲ. ಬೆಲ್ಜಿಯನ್ನರ ಗೋಧಿ ಬಿಯರು ವಿಟ್ ಬೇರೆ: ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿಯೇ ಬೀಳುತ್ತವೆ.

ನೆಟ್ಟಗಿನ ದಪ್ಪ ಗೋಡೆಯ ಪೈಂಟ್ ಗ್ಲಾಸು ಒಂದರೊಳಗೊಂದು ಪೇರಿಸಿಡಲು ಅನುಕೂಲ, ಪಬ್ಬಿಗೆ ಸರಿ. ಘಮಕ್ಕೆ ಅದು ಏನನ್ನೂ ಮಾಡುವುದಿಲ್ಲ. ಕೊಳ್ಳುವಾಗ ಅಂಚಿನ ಮೇಲೆ ಬೆರಳಾಡಿಸಿ, ತೆಳುವಾಗಿ ನಯವಾಗಿರಲಿ. ಕೆಲವು ಗ್ಲಾಸುಗಳ ತಳದಲ್ಲಿ ಲೇಸರಿನಿಂದ ಸಣ್ಣ ಗುರುತು ಕೊರೆದಿರುತ್ತಾರೆ. ಅಲ್ಲಿಂದ ಗುಳ್ಳೆ ಸತತವಾಗಿ ಏಳುತ್ತದೆ, ನೊರೆ ಮರುಹುಟ್ಟು ಪಡೆಯುತ್ತಲೇ ಇರುತ್ತದೆ. ನಿಧಾನವಾಗಿ ಕುಡಿಯುವವರಿಗೆ ಗ್ಯಾಸು ಬೇಗ ಖಾಲಿಯಾಗುವುದೂ ಅದರಿಂದಲೇ, ಹಾಗಾಗಿ ಟ್ಯುಲಿಪ್‌ನಲ್ಲಿ ಅದು ಬೇಕಿಲ್ಲ.

ಗಾಜಿನ ಮಗ್ಗನ್ನು ಫ್ರೀಜರಿನಲ್ಲಿಟ್ಟು ಮಂಜುಗಟ್ಟಿಸಿ ಕೊಟ್ಟರೆ ಅತಿಥಿಗಳಿಗೆ ಖುಷಿ. ಇದರಿಂದ ರುಚಿ ಕೆಡುತ್ತದೆ ಎನ್ನುತ್ತಾರೆ, ಹೌದೇ?
— ಹುಬ್ಬಳ್ಳಿ

ಕ್ರಾಫ್ಟ್ ಬಿಯರಾದರೆ ಹೌದು. ಮಂಜಿನ ಹರಳುಗಳ ಮೇಲೆ ಬಿಯರು ಬಿದ್ದೊಡನೆ ಗ್ಯಾಸು ಧುಮುಕಿ ನೊರೆ ಉಕ್ಕುತ್ತದೆ, ಕರಗಿದ ಮಂಜು ನೀರಾಗಿ ಬೆರೆಯುತ್ತದೆ, ಜತೆಗೆ ಫ್ರೀಜರಿನ ಮೀನಿನ ವಾಸನೆಯೂ ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅಷ್ಟು ತಣ್ಣಗಾದರೆ ನಾಲಿಗೆ ಜೋಮು ಹಿಡಿಯುತ್ತದೆ, ಘಮ ಮೇಲೇಳುವುದಿಲ್ಲ. ನೀವು ಹೆಚ್ಚು ಹಣ ಕೊಟ್ಟದ್ದು ಆ ಘಮಕ್ಕೇ.

ಸುರಿಯುವಾಗ ಬಿಯರಿನ ತಂಪು ಹೀಗಿರಲಿ: ಲಾಗರ್, ಪಿಲ್ಸ್ನರ್ 4ರಿಂದ 7 ಡಿಗ್ರಿ ಸೆಲ್ಸಿಯಸ್. ಗೋಧಿ ಬಿಯರು 5ರಿಂದ 8. ಐಪಿಎ 7ರಿಂದ 10. ಸ್ಟೌಟ್, ಅದರಂಥದೇ ಕಡುಬಣ್ಣದ ಪೋರ್ಟರ್ 10ರಿಂದ 13. ಮನೆಯ ಫ್ರಿಜ್ಜು ಸುಮಾರು 4 ಡಿಗ್ರಿಯಲ್ಲಿರುತ್ತದೆ, ಆದ್ದರಿಂದ ಲಾಗರನ್ನು ತೆಗೆದು ನೇರ ಸುರಿಯಿರಿ, ಐಪಿಎಯನ್ನು ಹತ್ತು ನಿಮಿಷ, ಸ್ಟೌಟನ್ನು ಇಪ್ಪತ್ತು ನಿಮಿಷ ಹೊರಗಿಡಿ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನ ದಿನಗಳಲ್ಲಿ ಇದರ ಅರ್ಧ ಸಾಕು. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಎರಡು ಮೂರು ಸಲ ಅಳೆದು ನೋಡಿ, ಆಮೇಲೆ ಕೈಗೇ ಅಂದಾಜು ಸಿಗುತ್ತದೆ.

ಅವಸರವಿದ್ದರೆ ಬಕೆಟ್ಟಿಗೆ ಐಸು, ನೀರು ಸಮಸಮ ಹಾಕಿ ಒಂದು ಹಿಡಿ ಕಲ್ಲುಪ್ಪು ಬೆರೆಸಿ ಕ್ಯಾನನ್ನು ಮುಳುಗಿಸಿ, ಆಗಾಗ ತಿರುಗಿಸುತ್ತಿರಿ. ಬರೀ ಐಸಿನಲ್ಲಿ ಹೂತರೆ ತಡವಾಗುತ್ತದೆ, ಏಕೆಂದರೆ ಐಸಿನ ತುಂಡುಗಳ ನಡುವೆ ಗಾಳಿ ಇರುತ್ತದೆ. ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಮರೆಯಬೇಡಿ. ಶೇಕಡಾ 5 ಆಲ್ಕೋಹಾಲ್ ಇರುವ ಬಿಯರು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಗಾಜು ಸೀಳುತ್ತದೆ.

ಅಜ್ಜಿಯ ಕಾಲದ ತಾಮ್ರದ ಲೋಟಗಳಿವೆ. ಅದರಲ್ಲಿ ಬಿಯರು ಕುಡಿದರೆ ಚೆನ್ನಾಗಿರುತ್ತದೆಯೇ?
— ಮಂಗಳೂರು

ಒಳಗೆ ಕಲಾಯಿ ಅಥವಾ ಸ್ಟೀಲಿನ ಪದರ ಇಲ್ಲದಿದ್ದರೆ ಬೇಡವೇ ಬೇಡ. ಬಿಯರು ಹುಳಿ ಗುಣದ್ದು, ಪಿಎಚ್ ಸುಮಾರು 4ರಿಂದ 4.5. ಹುಳಿ ತಾಗಿದರೆ ತಾಮ್ರ ಕರಗಿ ಪಾನೀಯಕ್ಕೆ ಇಳಿಯುತ್ತದೆ. ಮಜ್ಜಿಗೆ, ಹುಣಸೆಹುಳಿಯ ಸಾರನ್ನು ನಮ್ಮ ಹಿರಿಯರು ಬರಿಯ ತಾಮ್ರದ ಪಾತ್ರೆಯಲ್ಲಿ ಇಡುತ್ತಿರಲಿಲ್ಲವಲ್ಲ, ಕಾರಣ ಅದೇ. ಹಿತ್ತಾಳೆಗೂ ಇದೇ ಮಾತು. ಸ್ಟೀಲ್ ಲೋಟ ಅಪಾಯವಿಲ್ಲ, ಆದರೆ ಬಣ್ಣವೂ ನೊರೆಯೂ ಕಾಣುವುದಿಲ್ಲ.

ಮೈಕ್ರೋಬ್ರೂವರಿಯಿಂದ ಗ್ರೌಲರ್‌ನಲ್ಲಿ (ಬಿಯರು ತುಂಬಿಸಿ ಒಯ್ಯುವ ಬಿಗಿ ಮುಚ್ಚಳದ ದೊಡ್ಡ ಬಾಟಲಿ) ಬಿಯರು ತಂದೆವು. ಮೂರನೇ ದಿನ ತೆರೆದಾಗ ಗ್ಯಾಸೇ ಇರಲಿಲ್ಲ, ಒದ್ದೆ ರಟ್ಟಿನಂಥ ರುಚಿ. ತಪ್ಪಿದ್ದೆಲ್ಲಿ? ಗಾಜಿನ ಗ್ರೌಲರೋ ಸ್ಟೀಲಿನದೋ, ಯಾವುದು ಒಳ್ಳೆಯದು?
— ವೈಟ್‌ಫೀಲ್ಡ್, ಬೆಂಗಳೂರು

ಎರಡು ತಪ್ಪು ಒಟ್ಟಿಗೆ ಆಗಿವೆ. ಗ್ಯಾಸು ಹೋದದ್ದು ಮುಚ್ಚಳದಿಂದ, ರಟ್ಟಿನ ರುಚಿ ಬಂದದ್ದು ಆಮ್ಲಜನಕದಿಂದ.

ಮುಚ್ಚಳದ ರಬ್ಬರ್ ರಿಂಗನ್ನು ಬಿಚ್ಚಿ ನೋಡಿ. ಬಿರುಕು, ಚಪ್ಪಟೆಯಾದ ಗುರುತು ಇದ್ದರೆ ಬದಲಿಸಿ. ತುಂಬ ಬಳಸುವವರು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ನೀರು ತುಂಬಿ ಮುಚ್ಚಿ, ತಲೆಕೆಳಗು ಮಾಡಿ ಒಂದು ಗಂಟೆ ಬಿಟ್ಟರೆ ದೊಡ್ಡ ಸೋರಿಕೆ ಗೊತ್ತಾಗುತ್ತದೆ. ಸಣ್ಣದಕ್ಕೆ ಕುಡಿಯುವ ಬಾಟಲಿ ಸೋಡಾ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ತೆರೆದಾಗ ಸದ್ದು ಬರುತ್ತದೆಯೇ ಕೇಳಿ.

ಆಮ್ಲಜನಕ ಸೇರುವುದು ತುಂಬುವಾಗ. ನಲ್ಲಿಯ ಕೆಳಗೆ ಗ್ರೌಲರ್ ಹಿಡಿದು ಮೇಲಿಂದ ಧಾರೆ ಬಿಟ್ಟರೆ ಬಿಯರು ಗಾಳಿಯನ್ನು ಕಲಸಿಕೊಂಡೇ ಒಳಗಿಳಿಯುತ್ತದೆ. ನಲ್ಲಿಗೆ ಉದ್ದ ಕೊಳವೆ ಸಿಕ್ಕಿಸಿ ತಳದಿಂದ ತುಂಬಲು ಕೇಳಿ. ತುಂಬುವ ಮೊದಲು ಖಾಲಿ ಗ್ರೌಲರಿಗೆ ಇಂಗಾಲದ ಡೈಆಕ್ಸೈಡ್ ಊದಿದರೆ ಇನ್ನೂ ಉತ್ತಮ. ಕುತ್ತಿಗೆಯವರೆಗೆ ನೊರೆ ಏರಿ ಹೊರಚೆಲ್ಲುತ್ತಿರುವಾಗಲೇ ಮುಚ್ಚಳ ಹಾಕಬೇಕು, ಆಗ ಮೇಲೆ ಉಳಿಯುವುದು ಗಾಳಿಯಲ್ಲ, ನೊರೆ. ಈ ಮಾತು ಕೇಳಿ ಮುಖ ಸಿಂಡರಿಸುವ ಕಡೆ ತುಂಬಿಸಿಕೊಳ್ಳಬೇಡಿ. ಒಳ್ಳೆಯ ಬ್ರೂವರ್ ಇದನ್ನು ಕೇಳಿದರೆ ಸಂತೋಷಪಡುತ್ತಾನೆ.

ಖಾಲಿ ಗ್ರೌಲರನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಒಯ್ಯಿರಿ. ಬಿಸಿ ಪಾತ್ರೆಗೆ ತಣ್ಣನೆ ಬಿಯರು ಬಿದ್ದರೆ ಸಾಕಷ್ಟು ಗ್ಯಾಸು ನೊರೆಯಾಗಿ ಅಲ್ಲೇ ಹೋಗುತ್ತದೆ. ವಾಪಸು ತರುವಾಗ ಐಸಿರುವ ಥರ್ಮೋಕೋಲ್ ಪೆಟ್ಟಿಗೆ ಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ: 4 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ ಎರಡು ಪಟ್ಟಿಗೂ ಹೆಚ್ಚಾಗುತ್ತದೆ, ಗಾಜಿನದಾದರೆ ಅದು ಅಪಾಯ.

ತೆರೆಯದ ಗ್ರೌಲರಿಗೆ ಎರಡು ಮೂರು ದಿನ, ತೆರೆದದ್ದಕ್ಕೆ ಆ ರಾತ್ರಿ. ಇದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಇಬ್ಬರೇ ಕುಡಿಯುವ ಮನೆಗೆ 2 ಲೀಟರಿಗಿಂತ 1 ಲೀಟರಿನ ಎರಡು ಗ್ರೌಲರ್ ಲೇಸು. ಸ್ಟೀಲಿನ ಎರಡು ಗೋಡೆಯದು ತಂಪು ಹಿಡಿಯುತ್ತದೆ, ಬೆಳಕು ತಡೆಯುತ್ತದೆ, ಒಡೆಯುವುದಿಲ್ಲ. ನಮ್ಮ ಆಯ್ಕೆ ಅದೇ. ಗಾಜಿನದೇ ಬೇಕೆಂದರೆ ಕಂದು ಬಣ್ಣದ್ದು ಮಾತ್ರ. ಬೆಳಕು ತಾಗಿದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ನಾತ ಹುಟ್ಟುತ್ತದೆ, ಹಸಿರು, ಬಿಳಿ ಗಾಜು ಅದನ್ನು ಸಾಕಷ್ಟು ತಡೆಯುವುದಿಲ್ಲ. ಖಾಲಿಯಾದ ಕೂಡಲೇ ಬಿಸಿನೀರಲ್ಲಿ ಮೂರು ಸಲ ಅಲುಬಿ, ಮುಚ್ಚಳ ಹಾಕದೆ ಬೋರಲಿಟ್ಟು ಒಣಗಿಸಿ.

ಗ್ಯಾಸ್ ಕಾರ್ಟ್ರಿಜ್ ಇರುವ 4 ಲೀಟರಿನ ಮಿನಿ ಕೆಗ್ (ನಲ್ಲಿಯಿರುವ ಪುಟ್ಟ ಬಿಯರ್ ಪೀಪಾಯಿ) ಕೊಳ್ಳಬಹುದೇ? ಗೆಳೆಯರ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬರೀ ನೊರೆ ಬರುತ್ತಿತ್ತು.
— ಪುಣೆ

ತಿಂಗಳಿಗೆ ಎರಡು ಸಲವಾದರೂ ನಾಲ್ಕೈದು ಜನ ಸೇರುವುದಿದ್ದರೆ ಕೊಳ್ಳಿ, ಇಲ್ಲದಿದ್ದರೆ ಅದು ಅಟ್ಟಕ್ಕೆ ಹೋಗುವ ಸಾಮಾನು. ಒತ್ತಡದ ಮೀಟರು ಮತ್ತು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ಇರುವುದನ್ನೇ ನೋಡಿ. ಕಾರ್ಟ್ರಿಜ್ ಸಿಕ್ಕಿಸುವ ಮೊದಲು ರೆಗ್ಯುಲೇಟರ್ ಪೂರ್ತಿ ಬಂದ್ ಇರಬೇಕು. ತಿರುಪು ಇರುವ 16 ಗ್ರಾಂ ಇಂಗಾಲದ ಡೈಆಕ್ಸೈಡ್ ಕಾರ್ಟ್ರಿಜ್ಜನ್ನು ತಡವರಿಸದೆ ಒಂದೇ ಸಲಕ್ಕೆ ಬಿಗಿಯಿರಿ. ಸೋರಿಕೆ ಇಲ್ಲದಿದ್ದರೆ 4 ಲೀಟರು ಹೊರತೆಗೆಯಲು ಒಂದು ಸಾಕು. ಸೋರಿಕೆ ತಿಳಿಯಲು ಕೂಡುಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಕೇಕಿನ ಕ್ರೀಮಿಗೆ ಬಳಸುವ ಪುಟ್ಟ ಕಾರ್ಟ್ರಿಜ್‌ಗಳಲ್ಲಿ ಇರುವುದು ನೈಟ್ರಸ್ ಆಕ್ಸೈಡ್, ಅದನ್ನು ತರಬೇಡಿ.

ಬರೀ ನೊರೆ ಬರಲು ಸಾಮಾನ್ಯ ಕಾರಣ ಮೂರು: ಕೆಗ್ ಸಾಕಷ್ಟು ತಣ್ಣಗಿಲ್ಲ, ಈಗಷ್ಟೇ ಅಲುಗಾಡಿದೆ, ಒತ್ತಡ ಜಾಸ್ತಿ. ತುಂಬಿದ ಮೇಲೆ ಫ್ರಿಜ್ಜಿನಲ್ಲಿ ಕನಿಷ್ಠ ಎಂಟು ಗಂಟೆ ಅಲುಗಾಡದೆ ಇರಲಿ. ಇಡುವಾಗ ಮೀಟರಿನಲ್ಲಿ ಒತ್ತಡ 10ರಿಂದ 12 ಪಿಎಸ್‌ಐ (ಒತ್ತಡದ ಅಳತೆ), ಸುರಿಯುವಾಗ 3ರಿಂದ 5ಕ್ಕೆ ಇಳಿಸಿ. ನಲ್ಲಿಯನ್ನು ಅರ್ಧ ತೆರೆದರೆ ನೊರೆ ಹೆಚ್ಚುತ್ತದೆ, ಪೂರ್ತಿ ತೆರೆಯಿರಿ. ಮೊದಲ ಗ್ಲಾಸು ಹೇಗೂ ನೊರೆ ಹೆಚ್ಚೇ, ನಲ್ಲಿ ಬೆಚ್ಚಗಿರುವುದರಿಂದ.

650 ಮಿಲಿ ಬಾಟಲಿ ತೆರೆದು ಅರ್ಧ ಉಳಿದರೆ? ವೈನಿನ ಗಾಳಿ ಎಳೆಯುವ ಪಂಪು ಇದೆ.
— ದಾವಣಗೆರೆ

ಆ ಪಂಪು ಬಿಯರಿನ ಗ್ಯಾಸನ್ನೇ ಎಳೆದುಹಾಕುತ್ತದೆ, ಬಳಸಬೇಡಿ. ತೆರೆದ ಕೂಡಲೇ ಅರ್ಧವನ್ನು ತೊಳೆದ 330 ಮಿಲಿ ತಿರುಪು ಮುಚ್ಚಳದ ಬಾಟಲಿಗೆ ಗೋಡೆಗುಂಟ ನಿಧಾನವಾಗಿ ಇಳಿಸಿ, ಅಂಚಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿ ನೆಟ್ಟಗೆ ಇಡಿ. ಮರುದಿನ ಸಂಜೆಗೆ ಮುಗಿಸಿ.

ಪಂದಿ ಕರಿ ಜತೆ ಐಪಿಎ ಕುಡಿದಾಗ ಖಾರ ಬಾಯಿ ಸುಟ್ಟಿತು. ಯಾವುದು ಹೊಂದುತ್ತದೆ?
— ಮಡಿಕೇರಿ

ಹಾಪ್ಸಿನ ಕಹಿಯೂ ಗ್ಯಾಸಿನ ಚುರುಕೂ ಮೆಣಸಿನ ಉರಿಯನ್ನು ಇನ್ನಷ್ಟು ಎಬ್ಬಿಸುತ್ತವೆ. ಕಾಳುಮೆಣಸು, ಹುರಿದ ಮಸಾಲೆ, ಕಾಚಂಪುಳಿಯ ಗಾಢ ಹುಳಿ ಇರುವ ಆ ಕರಿಗೆ ಮಾಲ್ಟಿನ ಸಿಹಿ ಬೇಕು. ಡುಂಕೆಲ್ (ಜರ್ಮನ್ನರ ಕಡುಬಣ್ಣದ ಬಿಯರು), ಬ್ರೌನ್ ಏಲ್ ಅಥವಾ ಪೋರ್ಟರ್ ತನ್ನಿ, 10 ಡಿಗ್ರಿಯಲ್ಲಿ ಸುರಿಯಿರಿ. ಹುರಿದ ಮಾಲ್ಟು ಹುರಿದ ಮಸಾಲೆಯ ಕೈ ಹಿಡಿಯುತ್ತದೆ. ಅಂಜಲ್ ಫ್ರೈಗೆ ಗೋಧಿ ಬಿಯರು, ನಿಪ್ಪಟ್ಟು, ಕಾಂಗ್ರೆಸ್ ಕಡ್ಲೆಕಾಯಿಗೆ ಪಿಲ್ಸ್ನರ್. ಐಪಿಎಯನ್ನು ಖಾರವಿಲ್ಲದ ದಿನಕ್ಕೆ, ಹುರಿದ ಗೋಡಂಬಿಯ ಜತೆಗೆ ಇಟ್ಟುಕೊಳ್ಳಿ. ಮೇಜಿನ ಮೇಲೆ ಒಂದು ಕಾಗದದ ಕರವಸ್ತ್ರ ಇರಲಿ: ಎಣ್ಣೆ ತಿಂದ ತುಟಿ ಒರೆಸದೆ ಗ್ಲಾಸಿಗೆ ತಾಗಿಸಿದರೆ ನೊರೆ ಅಲ್ಲಿಂದಲೇ ಒಡೆಯಲು ಶುರು.