ರಾಜಿಯ ಹಣಕ್ಕೆ ತೆರಿಗೆ ರಿಯಾಯಿತಿ ಸರಿಯೇ?

ಪ್ರಶ್ನೆ: ಅಮೆರಿಕದ ಕಂಪನಿಗಳು ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಿಕೊಳ್ಳಲು ಕೊಡುವ ಹಣವನ್ನು ವ್ಯವಹಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳುತ್ತವೆಯಂತೆ. ತಪ್ಪಿಗೆ ತೆತ್ತ ಹಣದ ಒಂದು ಪಾಲನ್ನು ಸರ್ಕಾರದ ಬೊಕ್ಕಸವೇ ಹೊರುವುದು ನ್ಯಾಯವೇ?

ಉತ್ತರ: ಕಂಪನಿಯ ಮೇಲೆ ತೆರಿಗೆ ಬೀಳುವುದು ಲಾಭಕ್ಕೇ ಹೊರತು ಒಟ್ಟು ವಹಿವಾಟಿಗಲ್ಲ, ಆದ್ದರಿಂದ ಸಂಬಳ, ಬಾಡಿಗೆಗಳಂತೆಯೇ, ತನ್ನ ವ್ಯವಹಾರದಿಂದ ಇತರರಿಗಾದ ನಷ್ಟವನ್ನು ತುಂಬಿಕೊಟ್ಟ ಹಣವನ್ನೂ ಆದಾಯದಿಂದ ಕಳೆಯಲು ಅಲ್ಲಿನ ಕಾನೂನು ಬಿಡುತ್ತದೆ. ಈಗಿನ ಶೇ 21ರ ದರದಲ್ಲಿ, 100 ಕೋಟಿ ಡಾಲರ್ ಕೊಟ್ಟ ಲಾಭದಾಯಕ ಕಂಪನಿಗೆ 21 ಕೋಟಿ ಉಳಿಯುತ್ತದೆ. 2017ರವರೆಗೆ ದರ ಶೇ 35 ಇದ್ದಾಗ ಉಳಿಯುತ್ತಿದ್ದುದು 35 ಕೋಟಿ.

ಸರ್ಕಾರಕ್ಕೆ ಕಟ್ಟುವ ದಂಡಕ್ಕೆ ಮಾತ್ರ ಈ ಸೌಲಭ್ಯ ಹಿಂದೆಯೂ ಇರಲಿಲ್ಲ. ತಕರಾರು ಇದ್ದುದು ಯಾವುದು ದಂಡ, ಯಾವುದು ಪರಿಹಾರ ಎಂಬಲ್ಲಿ. ಒಪ್ಪಂದದ ಪತ್ರ ಈ ಬಗ್ಗೆ ಬಾಯಿಬಿಡದಿದ್ದರೆ, ಆದಷ್ಟು ಮೊತ್ತಕ್ಕೆ ಪರಿಹಾರವೆಂಬ ಹೆಸರಿಡಲು ಕಂಪನಿಗಳಿಗೆ ಅವಕಾಶ ಸಿಗುತ್ತಿತ್ತು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ 11 ಕಾರ್ಮಿಕರು ಸತ್ತು, ತಿಂಗಳುಗಟ್ಟಲೆ ತೈಲ ಸಮುದ್ರಕ್ಕೆ ಹರಿದ ಪ್ರಕರಣದಲ್ಲಿ ಬಿಪಿ ಕಂಪನಿ 2015ರಲ್ಲಿ ಒಪ್ಪಿಕೊಂಡದ್ದು ಸುಮಾರು 2,080 ಕೋಟಿ ಡಾಲರ್. ಅದರಲ್ಲಿ ಜಲಮಾಲಿನ್ಯಕ್ಕೆ ವಿಧಿಸಿದ 550 ಕೋಟಿ ದಂಡವನ್ನು ಕಳೆಯುವಂತಿರಲಿಲ್ಲ. ಉಳಿದುದರ ಬಹುಪಾಲನ್ನು ಕಳೆಯಬಹುದಿತ್ತು. ಸುದ್ದಿಯ ತಲೆಬರಹಕ್ಕೇರಿದ್ದು ಮಾತ್ರ ಇಡೀ ಮೊತ್ತ!

2017ರ ಕೊನೆಗೆ ಬಂದ ತಿದ್ದುಪಡಿ ಈ ಸಂದಿಯನ್ನು ಬಹುಮಟ್ಟಿಗೆ ಮುಚ್ಚಿತು. ಕಾನೂನು ಉಲ್ಲಂಘನೆಗಾಗಿ ಸರ್ಕಾರಕ್ಕೆ, ಇಲ್ಲವೇ ಸರ್ಕಾರದ ಸೂಚನೆಯಂತೆ ಕೊಡುವ ಹಣದಲ್ಲಿ, ನಷ್ಟ ತುಂಬಲು ಅಥವಾ ಕಾನೂನಿಗೆ ಬದ್ಧವಾಗಲು ಎಂದು ಒಪ್ಪಂದದಲ್ಲಿಯೋ ನ್ಯಾಯಾಲಯದ ಆದೇಶದಲ್ಲಿಯೋ ಗುರುತಿಸಿದ ಭಾಗವನ್ನಷ್ಟೇ ಈಗ ಕಳೆಯಬಹುದು. ಅದು ನಿಜವಾಗಿ ಆ ಉದ್ದೇಶಕ್ಕೇ ಹೋಯಿತೆಂದು ಕಂಪನಿಯೇ ತೋರಿಸಬೇಕು. ಲೈಂಗಿಕ ಕಿರುಕುಳದ ದೂರನ್ನು ಗೋಪ್ಯತೆಯ ಷರತ್ತಿನೊಂದಿಗೆ ಮುಗಿಸಿದರೆ, ಆ ಹಣಕ್ಕೂ ವಕೀಲರ ಶುಲ್ಕಕ್ಕೂ ರಿಯಾಯಿತಿ ಇಲ್ಲ.

ನಷ್ಟ ತುಂಬಿದ ಹಣವನ್ನು ಕಳೆಯಲು ಬಿಡುವುದು ನನಗೆ ತಪ್ಪೆನಿಸುವುದಿಲ್ಲ. ಅದನ್ನೂ ನಿಲ್ಲಿಸಿದರೆ ಕಂಪನಿ ಸಂತ್ರಸ್ತರೊಡನೆಯೇ ಇನ್ನಷ್ಟು ಚೌಕಾಸಿಗೆ ಇಳಿದೀತು. ನನ್ನ ಆಕ್ಷೇಪ ಇರುವುದು ದಂಡನಾತ್ಮಕ ಪರಿಹಾರದ ಬಗ್ಗೆ. ಆದ ನಷ್ಟಕ್ಕಿಂತ ಹೆಚ್ಚಾಗಿ, ಕಂಪನಿಗೆ ಬುದ್ಧಿ ಕಲಿಸಲೆಂದೇ ನ್ಯಾಯಾಲಯ ವಿಧಿಸುವ ಈ ಹಣ, ಸರ್ಕಾರದ ಬದಲು ಖಾಸಗಿ ಫಿರ್ಯಾದಿಯ ಕೈಸೇರುತ್ತದೆ ಎಂಬ ಕಾರಣಕ್ಕೆ, ಸಾಮಾನ್ಯವಾಗಿ ಇಂದಿಗೂ ವ್ಯವಹಾರದ ಖರ್ಚೆನಿಸಿಕೊಳ್ಳುತ್ತದೆ. ಇದನ್ನು ನಿಲ್ಲಿಸುವ ಪ್ರಸ್ತಾವಗಳು ಅಮೆರಿಕದ ಸಂಸತ್ತಿನ ಮುಂದೆ ಬಂದರೂ ಕಾನೂನಾಗಲಿಲ್ಲ. ನಿಮ್ಮ ಪ್ರಶ್ನೆಗೆ ‘ಅನ್ಯಾಯ’ ಎಂದು ಅಳುಕಿಲ್ಲದೆ ಉತ್ತರಿಸಬಹುದಾದದ್ದು ಇಲ್ಲಿಯೇ.