ಸಂಪಾದಕರ ಉತ್ತರ: 1986ರ ನಂತರದ ಇಪ್ಪತ್ತೊಂಬತ್ತು ವರ್ಷ

ಅಕ್ಕೋರೇ, ನಮಸ್ಕಾರ.

ನಮ್ಮ ಊರ ಕಡೆ ಶಾಲೆಯ ಟೀಚರನ್ನು ಹೀಗೇ ಕರೆಯುವುದು. ನೀವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು ಅಂತ ಬರೆದಿದ್ದೀರಿ. ಹಾಗಾಗಿ ಅದೇ ಬಾಯಿಗೆ ಬಂತು. ಉತ್ತರ ಎರಡು ವಾರ ತಡವಾಯಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮಿಕ್ಕ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಪತ್ರವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ನಾವು ಚೆನ್ನೈನ ಡಾ. ಸುನೀತಿ ಸೊಲೊಮನ್ ಅವರ ಬಗ್ಗೆ ಒಂದು ಲೇಖನ ಹಾಕಿದ್ದೆವು. ಭಾರತದಲ್ಲಿ ಎಚ್‌ಐವಿ ಇದೆ ಎಂದು 1986ರಲ್ಲಿ ಮೊದಲು ತೋರಿಸಿದವರು ಅವರು. ನೀವು ಕೇಳಿದ್ದು ಇಷ್ಟು: "ಲೇಖನ 1986ಕ್ಕೇ ನಿಂತುಬಿಟ್ಟಿದೆ. ಅವರು ತೀರಿಕೊಂಡದ್ದು 2015ರಲ್ಲಿ. ನಡುವೆ ಏನು ಮಾಡಿದರು?" ಆಮೇಲೆ ಮಗಳ ವಿಷಯ. ಎಂ.ಡಿ. ಮುಗಿಸಿದ ಅವಳು ಎಚ್‌ಐವಿ ಮತ್ತು ಟಿಬಿ ಮೇಲೆ ಸಂಶೋಧನೆ ಮಾಡಲು ಹೊರಟಿದ್ದಾಳೆ. ಮನೆಯವರು "ಅದಕ್ಕೆ ಮಾತ್ರೆ ಬಂದಾಯ್ತಲ್ಲ, ಇನ್ನೇನು ಉಳಿದಿದೆ ಅದರಲ್ಲಿ?" ಅನ್ನುತ್ತಿದ್ದಾರೆ. ನಿಮಗೂ ಸ್ವಲ್ಪ ಹಾಗೇ ಅನಿಸುತ್ತಿದೆ.

ಮೊದಲನೆಯದು ನಮ್ಮ ತಪ್ಪು. ಒಪ್ಪಿಕೊಳ್ಳುತ್ತೇನೆ. ಕಂಡುಹಿಡಿದ ಕತೆ ಓದಲು ಚೆನ್ನಾಗಿರುತ್ತದೆ. ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರೊಫೆಸರ್, ಅವರ ವಿದ್ಯಾರ್ಥಿನಿ ನಿರ್ಮಲಾ, ಬಂಧನದಲ್ಲಿದ್ದ ಲೈಂಗಿಕ ಕಾರ್ಯಕರ್ತೆಯರಿಂದ ಪಡೆದ ರಕ್ತದ ಮಾದರಿಗಳು, ವೆಲ್ಲೂರಿನಲ್ಲಿ ಪರೀಕ್ಷೆ, ಅದರಲ್ಲಿ ಆರು ಪಾಸಿಟಿವ್. ನಾವು ಆ ಕತೆಗೇ ಮೂರು ಪುಟ ಕೊಟ್ಟೆವು. ಆಮೇಲಿನ ಇಪ್ಪತ್ತೊಂಬತ್ತು ವರ್ಷಕ್ಕೆ ಒಂದು ಪ್ಯಾರಾ. ಅವರ ನಿಜವಾದ ಕೆಲಸ ಇದ್ದದ್ದು ಆ ಪ್ಯಾರಾದಲ್ಲಿ.

ಸುನೀತಿ ಅವರು ಮೈಕ್ರೋಬಯಾಲಜಿಯವರು, ಅಂದರೆ ರೋಗಾಣುಗಳನ್ನು ಪರೀಕ್ಷಿಸುವ ವಿಭಾಗದವರು. ಆ ವಿಭಾಗದ ಡಾಕ್ಟರು ಜಾಸ್ತಿ ಹೊತ್ತು ಕಳೆಯುವುದು ಪ್ರಯೋಗಾಲಯದಲ್ಲಿ. ರೋಗಿಯ ಎದುರು ಕೂತು ಮಾತಾಡುವುದು ಕಡಿಮೆ. ಆದರೆ 1986ರ ನಂತರ ಪಾಸಿಟಿವ್ ಅಂತ ಗೊತ್ತಾದವರು ಹೋಗುವುದಾದರೂ ಎಲ್ಲಿಗೆ? ಎಷ್ಟೋ ಆಸ್ಪತ್ರೆಗಳಲ್ಲಿ ಅವರನ್ನು ಮುಟ್ಟುವವರೇ ಇರಲಿಲ್ಲ. 1993ರಲ್ಲಿ ಸುನೀತಿ ಚೆನ್ನೈನಲ್ಲಿ ವೈ.ಆರ್. ಗಾಯ್ತೊಂಡೆ ಕೇಂದ್ರ ಶುರು ಮಾಡಿದರು. ಗಾಯ್ತೊಂಡೆ ಅವರ ತವರಿನ ಹೆಸರು. ಪರೀಕ್ಷೆ, ಕೌನ್ಸೆಲಿಂಗ್, ಚಿಕಿತ್ಸೆ, ಸಂಶೋಧನೆ ಎಲ್ಲವೂ ಅಲ್ಲೇ. ಬಂದವರ ಹೆಸರು ಗುಟ್ಟಾಗಿರುತ್ತಿತ್ತು. ಆದರೆ ಅವರಿಗೆ ಯಾವ ಕಾಯಿಲೆ ಯಾವಾಗ ಬಂತು ಅನ್ನುವುದನ್ನು ವರ್ಷಗಟ್ಟಲೆ ಬರೆದಿಟ್ಟರು.

ಈ ಬರೆದಿಡುವ ಕೆಲಸ ಎಷ್ಟು ದೊಡ್ಡದು ಅಂತ ನನಗೂ ಮೊದಲು ಹೊಳೆದಿರಲಿಲ್ಲ. ಆಗ ಎಚ್‌ಐವಿ ಬಗ್ಗೆ ಇದ್ದ ಪುಸ್ತಕಗಳಲ್ಲಿ ಹೆಚ್ಚಿನವು ಅಮೆರಿಕದಂಥ ದೇಶಗಳ ರೋಗಿಗಳನ್ನು ನೋಡಿ ಬರೆದವು. ಅಲ್ಲಿನವರನ್ನು ಹೆಚ್ಚಾಗಿ ಕಾಡಿದ್ದು ಒಂದು ಬಗೆಯ ಶಿಲೀಂಧ್ರದ ನ್ಯುಮೋನಿಯಾ. ನಮ್ಮವರನ್ನು ಕಾಡಿದ್ದು ಟಿಬಿ. 2003ರಲ್ಲಿ ಈ ಕೇಂದ್ರದ ಡಾ. ಎನ್. ಕುಮಾರಸಾಮಿ, ಸುನೀತಿ ಮತ್ತು ಜೊತೆಗಾರರು 594 ರೋಗಿಗಳ ಲೆಕ್ಕ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಜನರಿಗೆ ಬಂದದ್ದು ಶ್ವಾಸಕೋಶದ ಟಿಬಿ. ಅಮೆರಿಕದ ಪುಸ್ತಕ ಹೇಳುತ್ತಿದ್ದ ಆ ನ್ಯುಮೋನಿಯಾ ಬಂದದ್ದು ನೂರಕ್ಕೆ ಸುಮಾರು ಆರು ಜನರಿಗೆ ಮಾತ್ರ. ಪುಸ್ತಕ ನಂಬಿ ಕೂತಿದ್ದರೆ ಇಲ್ಲಿಯ ಡಾಕ್ಟರು ತಪ್ಪು ಕಾಯಿಲೆಗೆ ಕಾಯುತ್ತಾ ಇರಬೇಕಿತ್ತು ಅಲ್ವಾ?

ಇನ್ನೊಂದು ಲೆಕ್ಕ 2000ದ್ದು. ಕೇಂದ್ರಕ್ಕೆ ಬಂದ 134 ಎಚ್‌ಐವಿ ಇದ್ದ ಹೆಣ್ಣುಮಕ್ಕಳ ಬಗ್ಗೆ ಮಾಡಿದ್ದು. ಅವರಲ್ಲಿ ಹೆಚ್ಚಿನವರು ಗೃಹಿಣಿಯರು. ಹತ್ತರಲ್ಲಿ ಸುಮಾರು ಒಂಬತ್ತು ಜನ ಗಂಡನನ್ನು ಬಿಟ್ಟು ಬೇರೆ ಯಾರ ಸಂಗವನ್ನೂ ಕಂಡವರಲ್ಲ. 'ಇದು ಕೆಟ್ಟ ನಡತೆಯವರ ಕಾಯಿಲೆ' ಅಂತ ಊರೆಲ್ಲ ಹೇಳುತ್ತಿದ್ದ ಕಾಲ ಅದು.

ಈಗ ತಡವಾದ ಕಾರಣ ಹೇಳುತ್ತೇನೆ. ನನ್ನ ಅತ್ತಿಗೆ ಆ ಒಂಬತ್ತರಲ್ಲಿ ಒಬ್ಬರಂತಹವರು. ಅವರ ವಿಷಯ ಬರೆಯಲು ಅವರ ಒಪ್ಪಿಗೆ ಬೇಕಿತ್ತು. ಹೋಗಿ ಕೇಳಿದೆ. ಎರಡು ದಿನ ಯೋಚಿಸಿ, "ಹೆಸರು, ಊರು ಹಾಕಬೇಡ, ಮಿಕ್ಕಿದ್ದು ಬರಿ" ಅಂದರು.

ಅವರ ಗಂಡ ನನ್ನ ಸೋದರಮಾವನ ಮಗ. ಲಾರಿ ಓಡಿಸುತ್ತಿದ್ದ. 2000ದಲ್ಲಿ ಕೆಮ್ಮು ಶುರುವಾಯಿತು, ಟಿಬಿ ಅಂದರು. ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಕೂಡ ಬಂತು. ಆಗ ಎಚ್‌ಐವಿ ಔಷಧಿ ಕೊಳ್ಳುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಸಾಲ ಮಾಡೋಣ ಅಂತ ನಾವೆಲ್ಲ ಕೂತು ಮಾತಾಡಿದ್ದೂ ಉಂಟು. ಒಬ್ಬ ಡಾಕ್ಟರು, "ಮೊದಲು ಟಿಬಿ ಮಾತ್ರೆ ಮುಗಿಯಲಿ, ಆಮೇಲೆ ನೋಡೋಣ" ಅಂದರು. ಟಿಬಿ ಮಾತ್ರೆ ಮುಗಿಯುವ ಮುಂಚೆ ಅವನೇ ಹೋಗಿಬಿಟ್ಟ. ಆ ಡಾಕ್ಟರ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಅವರು ಹೇಳಿದ್ದು ಆಗಿನ ಕಾಲದ ಬಹುಪಾಲು ಡಾಕ್ಟರ ಅಭಿಪ್ರಾಯವೇ ಅಂತ ಆಮೇಲೆ ತಿಳಿಯಿತು. ಎರಡೂ ಔಷಧಿ ಒಟ್ಟಿಗೆ ಕೊಟ್ಟರೆ ದೇಹ ತಡೆಯುವುದಿಲ್ಲ ಅನ್ನುವ ಭಯಕ್ಕೆ ಕಾರಣವೂ ಇತ್ತು. ಟಿಬಿಯ ರಿಫಾಂಪಿಸಿನ್ ಮಾತ್ರೆ, ಎಚ್‌ಐವಿಯ ಕೆಲವು ಔಷಧಿಗಳನ್ನು ದೇಹದಿಂದ ಬೇಗ ಹೊರಹಾಕಿಸಿಬಿಡುತ್ತದೆ. ಸೋತು ಮಲಗಿದ್ದ ರೋಗನಿರೋಧಕ ಶಕ್ತಿ ಒಮ್ಮೆಲೇ ಎದ್ದರೆ, ಒಳಗಿದ್ದ ಟಿಬಿಯ ಮೇಲೆ ಬಿದ್ದು ಜ್ವರ, ಊತ ಜಾಸ್ತಿಯಾಗುವುದೂ ಉಂಟು.

ಹಾಗಾದರೆ ಕಾಯಬೇಕೋ, ಒಟ್ಟಿಗೆ ಕೊಡಬೇಕೋ? ಇದನ್ನು ನಿಜವಾಗಿ ಪರೀಕ್ಷಿಸಿ ನೋಡಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಅಲ್ಲಿ ಸಲೀಂ ಅಬ್ದುಲ್ ಕರೀಂ ಎನ್ನುವ ಭಾರತೀಯ ಮೂಲದ ಡಾಕ್ಟರು ಮತ್ತು ತಂಡದವರು, ಎರಡೂ ಕಾಯಿಲೆ ಇದ್ದ 642 ಜನರನ್ನು ಗುಂಪು ಮಾಡಿ ನೋಡಿದರು. ಟಿಬಿ ಚಿಕಿತ್ಸೆ ನಡೆಯುತ್ತಿರುವಾಗಲೇ ಎಚ್‌ಐವಿ ಔಷಧಿ ಶುರು ಮಾಡಿದವರಲ್ಲಿ ಸಾವು ಶೇ. 56ರಷ್ಟು ಕಡಿಮೆ ಇತ್ತು. 2010ರಲ್ಲಿ ಅದು ಪ್ರಕಟವಾಯಿತು. ಆ ಪ್ರಬಂಧದ ಸಾರಾಂಶ ಮೊದಲ ಸಲ ಓದಿದಾಗ ನಾನು ಆಫೀಸಿನಲ್ಲಿದ್ದೆ. ಓದಿ ಮುಗಿಸಿ ಎದ್ದು ಹೊರಗೆ ಹೋಗಿ ನಿಂತುಕೊಂಡೆ. ಹತ್ತು ವರ್ಷ ಮೊದಲು ಗೊತ್ತಿದ್ದಿದ್ದರೆ ಅನ್ನುವ ಯೋಚನೆ ಬಿಡಲಿಲ್ಲ.

ಅಕ್ಕೋರೇ, ಇಲ್ಲೊಂದು ವಿಷಯ ಗಮನಿಸಿ. ಡರ್ಬನ್‌ನಲ್ಲಿ ಹೊಸ ಔಷಧಿ ಏನೂ ಕಂಡುಹಿಡಿಯಲಿಲ್ಲ. ಇದ್ದ ಮಾತ್ರೆಯನ್ನೇ ಯಾವಾಗ ಕೊಡಬೇಕು ಅಂತ ಕೇಳಿದರು, ಅಷ್ಟೇ. ಹಾಗಂತ ಟಿಬಿಯ ಉತ್ತರ ಎಲ್ಲದಕ್ಕೂ ಹೊಂದುವುದಿಲ್ಲ. ಎಚ್‌ಐವಿ ಇದ್ದವರಿಗೆ ಮೆದುಳಿನ ಪೊರೆಗೆ ಶಿಲೀಂಧ್ರದ ಸೋಂಕು ಬರುತ್ತದೆ, ಕ್ರಿಪ್ಟೋಕಾಕಸ್ ಅಂತ. ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಅಂಥ 177 ಜನರನ್ನು ನೋಡಿದಾಗ ಫಲ ಉಲ್ಟಾ ಬಂತು. ಒಂದೆರಡು ವಾರದಲ್ಲೇ ಎಚ್‌ಐವಿ ಔಷಧಿ ಕೊಟ್ಟವರಲ್ಲಿ ಆರು ತಿಂಗಳೊಳಗೆ ಶೇ. 45 ಜನ ತೀರಿಕೊಂಡರು. ಐದು ವಾರ ಕಾದವರಲ್ಲಿ ಶೇ. 30. ಒಂದು ಕಾಯಿಲೆಗೆ ಅವಸರ ಬೇಕು, ಇನ್ನೊಂದಕ್ಕೆ ತಾಳ್ಮೆ ಬೇಕು. ಇದನ್ನು ಊಹಿಸಿ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ನಿಮ್ಮ ಮಗಳು ಹೋಗುತ್ತಿರುವುದು ಇಂಥ ಪ್ರಶ್ನೆಗಳ ಹತ್ತಿರಕ್ಕೆ.

ಚೆನ್ನೈಗೆ ಮತ್ತೆ ಬರೋಣ. ಇದೇ 'ಯಾವಾಗ' ಅನ್ನುವ ಪ್ರಶ್ನೆಯ ಒಂದು ದೊಡ್ಡ ಪ್ರಯೋಗದಲ್ಲಿ ಸುನೀತಿ ಅವರ ಕೇಂದ್ರವೂ ಸೇರಿತ್ತು. ಹೆಸರು ಎಚ್‌ಪಿಟಿಎನ್ 052. ಒಂಬತ್ತು ದೇಶ, 1,763 ಜೋಡಿಗಳು, ಒಬ್ಬರಿಗೆ ಎಚ್‌ಐವಿ ಇದೆ, ಇನ್ನೊಬ್ಬರಿಗೆ ಇಲ್ಲ. ಪುಣೆಯಲ್ಲೂ ನಡೆಯಿತು. 2011ರಲ್ಲಿ ಫಲಿತಾಂಶ ಬಂದಾಗ, ಸಂಗಾತಿಯಿಂದಲೇ ಸೋಂಕು ತಗುಲಿದ್ದು ಎಂದು ಖಚಿತವಾದವರು 28 ಜನ. ಅದರಲ್ಲಿ 27 ಜನ ಔಷಧಿ ತಡವಾಗಿ ಶುರು ಮಾಡಿದ ಜೋಡಿಗಳವರು. ಬೇಗ ಶುರು ಮಾಡಿದ ಜೋಡಿಗಳಲ್ಲಿ ಒಬ್ಬರೇ ಒಬ್ಬರು. ಶ್ವಾಸಕೋಶದ ಹೊರಗೆ ಬರುವ ಟಿಬಿ ಕೂಡ ಬೇಗ ಶುರು ಮಾಡಿದವರಲ್ಲಿ ಮೂವರಿಗೆ, ತಡವಾದವರಲ್ಲಿ 17 ಜನರಿಗೆ. ಒಂದು ಕಾಲದಲ್ಲಿ ರೋಗದ ವಿರುದ್ಧ ಹೋರಾಡುವ, ಸಿಡಿ4 ಅನ್ನುವ ರಕ್ತಕಣಗಳ ಲೆಕ್ಕ 200ಕ್ಕಿಂತ ಕೆಳಗೆ ಇಳಿಯುವ ತನಕ ಕಾಯಿಸುತ್ತಿದ್ದರು. ಈಗ ಪಾಸಿಟಿವ್ ಅಂತ ಗೊತ್ತಾದ ಕೂಡಲೇ ಔಷಧಿ ಶುರು. ಆ ಬದಲಾವಣೆಯಲ್ಲಿ ಚೆನ್ನೈನ ಜೋಡಿಗಳ ಪಾಲೂ ಇದೆ.

ಎಲ್ಲ ಪ್ರಯೋಗವೂ ಗೆಲ್ಲುತ್ತದೆ ಅಂತಲ್ಲ. ಇದನ್ನು ಮಗಳಿಗೆ ಹೇಳಿ. ಬೆಂಗಳೂರಿನ ಡಾ. ಅನಿತಾ ಶೆಟ್ ಮತ್ತು ಜೊತೆಗಾರರು, ಕುಮಾರಸಾಮಿ ಕೂಡ ಅವರಲ್ಲಿದ್ದರು, ದಕ್ಷಿಣ ಭಾರತದ 631 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಮಾತ್ರೆ ನೆನಪಿಸಲು ವಾರಕ್ಕೊಮ್ಮೆ ಮೊಬೈಲಿಗೆ ದನಿಯ ಕರೆ, ಒಂದು ಚಿತ್ರದ ಸಂದೇಶ. 96 ವಾರ ಮಾಡಿದರು. ಕರೆ ಬಂದವರಿಗೂ ಬಾರದವರಿಗೂ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಅದನ್ನು ಹಾಗೇ ಬರೆದು ಪ್ರಕಟಿಸಿದರು. ನನಗೆ ಅದರ ಮೇಲೆ ಬಹಳ ಗೌರವ.

"ಇನ್ನೇನು ಉಳಿದಿದೆ?" ಅನ್ನುವುದಕ್ಕೆ ನನ್ನ ಅತ್ತಿಗೆಯೇ ಉತ್ತರ. ಸರ್ಕಾರ 2004ರ ಏಪ್ರಿಲ್‌ನಲ್ಲಿ ಉಚಿತ ಔಷಧಿ ಶುರು ಮಾಡಿತು. ಅವರಿಗೆ ಸಿಕ್ಕಿದ್ದು 2006ರಲ್ಲಿ. ಅದರಲ್ಲಿ ಸ್ಟಾವುಡಿನ್ ಅನ್ನುವ ಔಷಧಿ ಇತ್ತು. ಜೀವ ಉಳಿಯಿತು. ಆದರೆ ಪಾದ ಜುಮ್ಮೆನ್ನುತ್ತಿತ್ತು, ಕೆನ್ನೆ ಒಳಗೆ ಹೋಯಿತು. ಕನ್ನಡಿ ನೋಡುವುದನ್ನೇ ಬಿಟ್ಟಿದ್ದರು. ಮುಖ ನೋಡಿ ಊರವರು ಕಂಡುಹಿಡಿಯುತ್ತಾರೆ ಅನ್ನುವ ಭಯಕ್ಕೆ ಮದುವೆ, ಜಾತ್ರೆ ಯಾವುದಕ್ಕೂ ಬರುತ್ತಿರಲಿಲ್ಲ. ರೋಗಿಗಳ ಈ ತೊಂದರೆಗಳನ್ನು ಡಾಕ್ಟರುಗಳು ಎಷ್ಟೋ ಊರುಗಳಲ್ಲಿ ಬರೆದಿಟ್ಟದ್ದರಿಂದಲೇ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯನ್ನು ಬಿಡುತ್ತಾ ಬನ್ನಿ ಅಂತ ಹೇಳಿತು. ಈಗ ಅತ್ತಿಗೆಗೆ ದಿನಕ್ಕೆ ಒಂದೇ ಮಾತ್ರೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆ.

ಈಗ ಅವರಿಗೆ ಐವತ್ತಾರು. ಎಚ್‌ಐವಿಯಿಂದ ಸಾಯುವ ಭಯ ಹೋಯಿತು. ಸಕ್ಕರೆ ಕಾಯಿಲೆ ಬಂತು. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಡಾಕ್ಟರು ಸಕ್ಕರೆಯ ಮಾತ್ರೆಯ ಚೀಟಿ ನೋಡಿ, ಮೆಟ್‌ಫಾರ್ಮಿನ್ ಪ್ರಮಾಣ ಇಳಿಸಿದರು. ಎಚ್‌ಐವಿಯ ಡೊಲುಟೆಗ್ರಾವಿರ್ ಜೊತೆ ತೆಗೆದುಕೊಂಡರೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಜಾಸ್ತಿ ನಿಲ್ಲುತ್ತದಂತೆ. ಎಚ್‌ಐವಿ ಇರುವವರಿಗೆ ಹೃದಯದ ಕಾಯಿಲೆಯೂ ಬೇರೆಯವರಿಗಿಂತ ಜಾಸ್ತಿ. 12 ದೇಶಗಳ 7,769 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಕೊಬ್ಬು ಇಳಿಸುವ ಪಿಟಾವಸ್ಟಾಟಿನ್ ಮಾತ್ರೆ ಹೃದಯಾಘಾತದಂಥ ತೊಂದರೆಗಳನ್ನು ಶೇ. 35ರಷ್ಟು ತಗ್ಗಿಸಿತು. ಅದು ಗೊತ್ತಾದದ್ದು 2023ರಲ್ಲಿ, ಮೊನ್ನೆ ಮೊನ್ನೆ. ದೇಶದಲ್ಲಿ ಎಚ್‌ಐವಿ ಇರುವವರು ಸುಮಾರು 25 ಲಕ್ಷ ಜನ. ಅವರೆಲ್ಲ ಈಗ ಮುದುಕರಾಗುತ್ತಾರೆ, ಆಗಬೇಕು. ಮಂಡಿ ನೋವು, ಮೂತ್ರಪಿಂಡ, ಮರೆವು, ಎಲ್ಲವೂ ಬರುತ್ತದೆ. ಯಾವುದಕ್ಕೆ ಏನು ಕೊಡಬೇಕು ಅಂತ ಯಾರಾದರೂ ಕೂತು ನೋಡಬೇಕಲ್ಲ.

ಮುಂದಿನ ಸಂಚಿಕೆಯಲ್ಲಿ ಸುನೀತಿ ಅವರ ಮೇಲೆ ಎರಡನೇ ಲೇಖನ ಬರುತ್ತದೆ. ಅದು 1993ರಿಂದ ಶುರುವಾಗುತ್ತದೆ.

ಇನ್ನೊಂದು ಮಾತು. ಅತ್ತಿಗೆಗೆ ನಿಮ್ಮ ಪತ್ರ ಓದಿ ಹೇಳಿದೆ. ನಿಮ್ಮ ಮಗಳು ಹೊರಡುವ ಮುಂಚೆ ಒಂದು ಸಲ ಬಂದರೆ ಮಾತಾಡುತ್ತೇನೆ ಅಂದರು. ಮಧ್ಯಾಹ್ನ ಮೂರರ ಒಳಗೆ ಬರಲಿ, ಆಮೇಲೆ ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಹೋಗಬೇಕು ಅಂದಿದ್ದಾರೆ.

ನಿಮ್ಮ,
ಸಂಪಾದಕ