ಎಣ್ಣೆ ಗಿರಣಿಯ ಹಳೆಯ ಫಾಕ್ಸ್‌ಪ್ರೊ ಪ್ರೋಗ್ರಾಂ ಅನ್ನು ಪೂರ್ತಿ ಹೊಸದಾಗಿ ಬರೆಸಬೇಕೇ?

ಚಳ್ಳಕೆರೆಯ ತಮ್ಮ ಎಣ್ಣೆ ಗಿರಣಿಯಲ್ಲಿ ಶೇಂಗಾ ಖರೀದಿ, ರೈತರ ಖಾತೆ, ಹಿಂಡಿ ಮಾರಾಟ ಎಲ್ಲವೂ ಡಾಸ್ (ವಿಂಡೋಸ್‌ಗಿಂತ ಹಳೆಯ ಆಪರೇಟಿಂಗ್ ಸಿಸ್ಟಂ) ಕಾಲದ, ದಾಖಲೆಗಳನ್ನು ನಿರ್ವಹಿಸುವ ಸಾಧನವಾದ ಫಾಕ್ಸ್‌ಪ್ರೊ 2.6ರಲ್ಲಿ ಬರೆದ ಪ್ರೋಗ್ರಾಂನಲ್ಲೇ ನಡೆಯುತ್ತಿವೆ, ಬರೆದವರು ಈಗ ಊರಲ್ಲಿಲ್ಲ, ಇರುವ ಒಂದೇ ಹಳೆಯ ಕಂಪ್ಯೂಟರ್ ಕೆಡುವ ಮುನ್ನ ಎಲ್ಲವನ್ನೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಬರೆಸಿಬಿಡಬಹುದೇ ಎಂದು ತಾವು ಕೇಳಿದ್ದೀರಿ. ದಾವಣಗೆರೆಯ ಅಕ್ಕಿ ಗಿರಣಿಗಳಿಗೂ ಮೆಕ್ಕೆಜೋಳದ ಮಂಡಿಗಳಿಗೂ ಇದೇ ಕೆಲಸವನ್ನು ಹಲವು ವರ್ಷಗಳಿಂದ ಮಾಡಿಕೊಂಡು ಬಂದವನಾಗಿ ಹೇಳುತ್ತೇನೆ: ಬದಲಿಸಲೇಬೇಕು, ಆದರೆ ಒಂದೇ ಏಟಿಗೆ ಬೇಡ.

ಬದಲಿಸಲೇಬೇಕೆನ್ನಲು ಕಾರಣವಿದೆ. 64 ಬಿಟ್‌ನ ವಿಂಡೋಸ್ ಡಾಸ್ ಪ್ರೋಗ್ರಾಂಗಳನ್ನು ನೇರವಾಗಿ ನಡೆಸುವುದಿಲ್ಲ. ಫಾಕ್ಸ್‌ಪ್ರೊ ವಂಶದ ಕೊನೆಯ ಆವೃತ್ತಿಯಾದ ವಿಷುಯಲ್ ಫಾಕ್ಸ್‌ಪ್ರೊ 9ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲವೂ 2015ರ ಜನವರಿಯಲ್ಲೇ ಮುಗಿದಿದೆ. ಹೊಸ ಕಂಪ್ಯೂಟರಿನೊಳಗೆ ಹಳೆಯದನ್ನು ಅನುಕರಿಸುವ ಡಾಸ್‌ಬಾಕ್ಸ್‌ನಂತಹ ಎಮ್ಯುಲೇಟರ್‌ನಲ್ಲಿ ಸ್ವಲ್ಪ ಕಾಲ ನಡೆಸಿಕೊಳ್ಳಬಹುದು. ಆ ಬಿಡುವನ್ನು ಹಳೆಯ ಪ್ರೋಗ್ರಾಂ ಓದುವುದಕ್ಕೆ ಬಳಸಿಕೊಳ್ಳಿ.

ಈ ಓದನ್ನು ನಾನು ಒಮ್ಮೆ ಕಡೆಗಣಿಸಿದ್ದೆ. ಒಂದು ಅಕ್ಕಿ ಗಿರಣಿಯ ಪ್ರೋಗ್ರಾಂನಲ್ಲಿ ಕೆಲವು ಖಾತೆಗಳಿಗೆ ಮಾತ್ರ ಚೀಲಕ್ಕೆ ಒಂದು ಕಿಲೋ ಕಳೆಯುವ ಮೂರು ಸಾಲುಗಳಿದ್ದವು. ಎಂದೋ ಆದ ತಪ್ಪು ಉಳಿದುಕೊಂಡಿದೆ ಎಂದು ಭಾವಿಸಿ ಹೊಸದರಲ್ಲಿ ಅವನ್ನು ಬಿಟ್ಟುಬಿಟ್ಟೆ. ಸುಗ್ಗಿ ಶುರುವಾಗಿ ಮೂರು ವಾರವಾದ ಮೇಲೆ ಹಿರಿಯ ಗುಮಾಸ್ತರು ನೋಡಿ ಹೇಳಿದರು: ಆ ಖಾತೆಯವರು ಭತ್ತ ತರುವುದು ಗೋಣಿಚೀಲದಲ್ಲಿ, ಉಳಿದವರು ಪ್ಲಾಸ್ಟಿಕ್ ಚೀಲದಲ್ಲಿ. ಅಷ್ಟು ದಿನ ಗಿರಣಿಯು ಗೋಣಿಯ ತೂಕಕ್ಕೂ ಭತ್ತದ ಹಣ ಕೊಟ್ಟಿತ್ತು. ಆ ನಿಯಮ ಯಾವ ಕಾಗದದ ಮೇಲೂ ಇರಲಿಲ್ಲ, ಆ ಮೂರು ಸಾಲುಗಳಲ್ಲಿ ಮಾತ್ರ ಇತ್ತು. ಇಂದು ಎಐ ಸಾಧನಗಳು ಹಳೆಯ ಕೋಡ್ ಏನು ಮಾಡುತ್ತದೆ ಎಂಬುದನ್ನು ಚೆನ್ನಾಗಿಯೇ ವಿವರಿಸುತ್ತವೆ, ನಾನೂ ಬಳಸುತ್ತೇನೆ. ಆದರೆ ಏಕೆ ಎಂಬುದನ್ನು ಗುಮಾಸ್ತರ ಪಕ್ಕದಲ್ಲಿ ಕುಳಿತೇ ಕೇಳಿಕೊಳ್ಳಬೇಕು.

ಎರಡನೆಯ ಅಪಾಯ ಪೈಸೆಯದು. 1,250.50 ರೂಪಾಯಿಯನ್ನು ಪೂರ್ಣಾಂಕಕ್ಕೆ ತಂದರೆ ಫಾಕ್ಸ್‌ಪ್ರೊದ ರೌಂಡ್ ಆಜ್ಞೆ 1,251 ಎನ್ನುತ್ತದೆ, ಪೈಥಾನ್‌ನ ರೌಂಡ್ 1,250 ಎನ್ನುತ್ತದೆ, ಏಕೆಂದರೆ ಸರಿಯಾಗಿ ಅರ್ಧ ಬಂದಾಗ ಪೈಥಾನ್ ಹತ್ತಿರದ ಸಮಸಂಖ್ಯೆಯತ್ತ ಹೋಗುತ್ತದೆ. ಎರಡೂ ತಪ್ಪಲ್ಲ, ಆದರೆ ರೈತನ ಕೈಯಲ್ಲಿರುವ ಹಳೆಯ ಪಟ್ಟಿಗೂ ಹೊಸ ಪಟ್ಟಿಗೂ ತಾಳೆಯಾಗದಿದ್ದರೆ ಹೋಗುವುದು ನಿಮ್ಮ ಅಂಗಡಿಯ ನಂಬಿಕೆ. ಹಣವನ್ನು ದಶಮಾಂಶಗಳನ್ನು ಅಂದಾಜಾಗಿ ಹಿಡಿಯುವ ಫ್ಲೋಟ್‌ನಲ್ಲಿಡದೆ, ಕರಾರುವಾಕ್ಕಾಗಿ ಹಿಡಿಯುವ ಡೆಸಿಮಲ್‌ನಲ್ಲಿಡಿಸಿ, ಪೂರ್ಣಾಂಕಕ್ಕೆ ತರುವ ಕ್ರಮವನ್ನು ಕೋಡ್‌ನಲ್ಲಿ ಸ್ಪಷ್ಟವಾಗಿ ಬರೆಸಿ. ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಿಂದ ಹೊರಬರುವ ಬ್ಯಾಂಕುಗಳಿಗೂ ಇದೇ ತೊಡಕಿದೆ: ಅಲ್ಲಿ ರೌಂಡೆಡ್ ಎಂದು ಬರೆಯದಿದ್ದರೆ ಹೆಚ್ಚಿನ ದಶಮಾಂಶಗಳು ಸುಮ್ಮನೆ ಕತ್ತರಿಸಿ ಹೋಗುತ್ತವೆ.

ಫಾಕ್ಸ್‌ಪ್ರೊ ತನ್ನ ದಾಖಲೆಗಳನ್ನು ಇಡುವ ಡಿಬಿಎಫ್ ಕಡತಗಳಲ್ಲೂ ಎಚ್ಚರ ಬೇಕು. ಫಾಕ್ಸ್‌ಪ್ರೊದಲ್ಲಿ ಅಳಿಸಿದ ದಾಖಲೆ ನಿಜವಾಗಿ ಹೋಗಿರುವುದಿಲ್ಲ. ಅದರ ಮುಂದೆ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ ಅಷ್ಟೆ, ಪ್ಯಾಕ್ ಆಜ್ಞೆ ಕೊಡುವವರೆಗೆ ಅದು ಕಡತದಲ್ಲೇ ಉಳಿದಿರುತ್ತದೆ. ಆ ಚಿಹ್ನೆಯನ್ನು ನೋಡದೆ ಎಲ್ಲವನ್ನೂ ಹೊಸ ಡೇಟಾಬೇಸ್‌ಗೆ ಸುರಿದರೆ, ಎಂದೋ ರದ್ದಾದ ಬಿಲ್ಲುಗಳು ಬಾಕಿಯಾಗಿ ಎದ್ದು ಬರುತ್ತವೆ. ವರ್ಷವನ್ನು ಎರಡೇ ಅಂಕಿಯಲ್ಲಿ ಟೈಪ್ ಮಾಡಿದ್ದರೆ 2000ದ ಬದಲು 1900 ಎಂದು ಕುಳಿತಿರುವ ದಿನಾಂಕಗಳೂ ಸಿಗಬಹುದು.

ಆದ್ದರಿಂದ ಇಂದೇ ಇಡೀ ಫೋಲ್ಡರನ್ನು ಎರಡು ಕಡೆ ನಕಲು ಮಾಡಿಡಿ. ಅದರಲ್ಲಿ ಪಿಆರ್‌ಜಿ ಕಡತಗಳಿದ್ದರೆ ಮೂಲ ಕೋಡ್ ನಿಮ್ಮಲ್ಲಿದೆ ಎಂದರ್ಥ. ಓಡಿಸಲಷ್ಟೇ ಬರುವ ಇಎಕ್ಸ್‌ಇ ಕಡತ ಮಾತ್ರ ಉಳಿದಿದ್ದರೂ ರಿಫಾಕ್ಸ್ ಎಂಬ ಸಾಧನದಿಂದ ಬಹುಪಾಲು ಮರಳಿ ಪಡೆಯಬಹುದು. ಮೊದಲು ಹಳೆಯ ಡಿಬಿಎಫ್ ಅನ್ನು ಓದಿ ವರದಿ ತೋರಿಸುವ ಭಾಗವನ್ನಷ್ಟೇ ಹೊಸದರಲ್ಲಿ ಕಟ್ಟಿಸಿ, ಏಕೆಂದರೆ ಅದು ತಪ್ಪಿದರೂ ಲೆಕ್ಕ ಕೆಡುವುದಿಲ್ಲ. ಆಮೇಲೆ ಹಿಂಡಿ ಮಾರಾಟ, ಎಲ್ಲಕ್ಕಿಂತ ಕೊನೆಗೆ ಶೇಂಗಾ ಖರೀದಿ. ಖರೀದಿಯನ್ನು ಒಂದು ಸುಗ್ಗಿ ಪೂರ್ತಿ ಎರಡರಲ್ಲೂ ನಮೂದಿಸಿ, ಪ್ರತಿ ಸಂಜೆ ತಾಳೆ ನೋಡಿ. ಗುಮಾಸ್ತರಿಗೆ ಇದು ಇಮ್ಮಡಿ ದುಡಿಮೆ, ಆ ತಿಂಗಳುಗಳಿಗೆ ಅವರ ಸಂಬಳ ಹೆಚ್ಚಿಸಿ. ಮಾರ್ಚ್ 31ರ ಖಾತೆ ಬಾಕಿಗಳು ಪೈಸೆಗೆ ಪೈಸೆ ಕೂಡಿಬಂದ ಮೇಲಷ್ಟೇ ಹಳೆಯ ಕಂಪ್ಯೂಟರನ್ನು ನಿಲ್ಲಿಸಿ.